ಲಾರಿ ಎಂಜಿನ್‌ಗಳಲ್ಲಿ ಥ್ರಾಟಲ್ ಬಾಡಿಯ ಗಾತ್ರ

ಥ್ರಾಟಲ್ ಬಾಡಿ ಎಂಬುದು ಪೆಟ್ರೋಲ್ ಅಥವಾ ಅನಿಲ ಇಂಧನದಿಂದ ನಡೆಯುವ ಎಂಜಿನ್‌ನ ಒಳಗೆ ಹೋಗುವ ಗಾಳಿಯ ಪ್ರಮಾಣವನ್ನು ನಿಯಂತ್ರಿಸುವ ಲೋಹದ ಕೊಳವೆ. ಇದು ಗಾಳಿ ಶೋಧಕಕ್ಕೂ ಇನ್‌ಟೇಕ್ ಮ್ಯಾನಿಫೋಲ್ಡಿಗೂ ನಡುವೆ ಇರುತ್ತದೆ. ಕೊಳವೆಯ ಒಳಗೆ ಅಡ್ಡಲಾಗಿ ಒಂದು ದಂಡವೂ ಆ ದಂಡಕ್ಕೆ ತಿರುಪಿನಿಂದ ಬಿಗಿದ ದುಂಡು ತಟ್ಟೆಯೂ ಇರುತ್ತವೆ. ಈ ಜೋಡಣೆಯನ್ನು ಚಿಟ್ಟೆ ಕವಾಟ ಎನ್ನುತ್ತಾರೆ. ಚಾಲಕನು ಆಕ್ಸಿಲರೇಟರ್ ಪೆಡಲನ್ನು ಒತ್ತಿದಾಗ ತೆರೆದುಕೊಳ್ಳುವುದು ಈ ತಟ್ಟೆಯೇ ಹೊರತು ಇಂಧನದ ನಲ್ಲಿಯಲ್ಲ. ಎಂಜಿನ್‌ನ ಕ್ಯಾಮ್ ಶಾಫ್ಟ್, ಸಿಲಿಂಡರ್ ಹೆಡ್ ಅಥವಾ ನಿಷ್ಕಾಸ ಕೊಳವೆಗಳನ್ನು ಬದಲಿಸಿ ಶಕ್ತಿಯನ್ನು ಹೆಚ್ಚಿಸಿದಾಗ ಕಾರ್ಖಾನೆಯಿಂದ ಬಂದ ಥ್ರಾಟಲ್ ಬಾಡಿ ಸಾಕಾಗುತ್ತದೆಯೇ, ಎಷ್ಟು ವ್ಯಾಸದ್ದನ್ನು ಹಾಕಬೇಕು ಎಂಬ ಪ್ರಶ್ನೆ ಏಳುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಂತಹ ಬಿಸಿಲು ಮತ್ತು ಧೂಳಿನ ಬಯಲುಸೀಮೆಯಲ್ಲಿ ಈ ಪ್ರಶ್ನೆಗೆ ಬೇರೆಯದೇ ಉತ್ತರವಿದೆ.

ಹೆಸರಿನ ಗೊಂದಲ

ಅಂತರಜಾಲದಲ್ಲಿ ದೊರೆಯುವ ಥ್ರಾಟಲ್ ಬಾಡಿ ಕುರಿತ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ 'ಟ್ರಕ್' ಎಂದರೆ ಸಾಮಾನ್ಯವಾಗಿ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಇರುವ ಪಿಕಪ್ ವಾಹನ. ಭಾರತದಲ್ಲಿ ಟ್ರಕ್ ಅಥವಾ ಲಾರಿ ಎಂದರೆ ಬಹುತೇಕ ಡೀಸೆಲ್ ವಾಹನವೇ. ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿಯನ್ನು ಕಡಿಮೆ ಮಾಡಿ ಶಕ್ತಿಯನ್ನು ತಗ್ಗಿಸಲಾಗುತ್ತದೆ; ಡೀಸೆಲ್ ಎಂಜಿನ್‌ನಲ್ಲಿ ಗಾಳಿಯನ್ನು ಪೂರ್ತಿ ಬಿಟ್ಟು ಇಂಧನವನ್ನು ಮಾತ್ರ ಹೆಚ್ಚು ಕಡಿಮೆ ಮಾಡಲಾಗುತ್ತದೆ. ಆದ್ದರಿಂದ ಅಮೆರಿಕದ ಪಿಕಪ್ಪಿಗೆ ಬರೆದ ಸಲಹೆಯನ್ನು ಕಬ್ಬಿನ ಲಾರಿಗೆ ಅನ್ವಯಿಸಿದರೆ ಹಣ ಹೋಗುತ್ತದೆಯೇ ವಿನಾ ಶಕ್ತಿ ಬರುವುದಿಲ್ಲ. ಲೇಖನದ ಮುಂದಿನ ಭಾಗಗಳಲ್ಲಿ ಮೊದಲು ಪೆಟ್ರೋಲ್ ಎಂಜಿನ್‌ನ ಲೆಕ್ಕವನ್ನೂ ಅನಂತರ ಡೀಸೆಲ್ ಮತ್ತು ಸಿಎನ್‌ಜಿ ಲಾರಿಗಳ ವಿಷಯವನ್ನೂ ನೋಡಬಹುದು.

ಭಾರತದ ಲಾರಿಗಳೂ ಹಿಂದೆ ಪೆಟ್ರೋಲಿನಿಂದ ಓಡುತ್ತಿದ್ದವು. ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳ ಷೆವರ್ಲೆ, ಡಾಡ್ಜ್, ಫಾರ್ಗೋ ಲಾರಿಗಳಲ್ಲಿ ಕಾರ್ಬ್ಯುರೇಟರ್ ಇತ್ತು. ಅದರ ಬುಡದಲ್ಲಿದ್ದ ತಟ್ಟೆಯೇ ಇಂದಿನ ಥ್ರಾಟಲ್ ಬಾಡಿಯ ಪೂರ್ವಜ. 1954ರಲ್ಲಿ ಜಮ್ಶೆಡ್‌ಪುರದಲ್ಲಿ ಟಾಟಾ-ಮರ್ಸಿಡಿಸ್ ಡೀಸೆಲ್ ಲಾರಿಗಳ ತಯಾರಿಕೆ ಆರಂಭವಾದ ಮೇಲೆ ಪೆಟ್ರೋಲ್ ಲಾರಿ ಕ್ರಮೇಣ ರಸ್ತೆಯಿಂದ ಮರೆಯಾಯಿತು.

ರಚನೆ

ಹಳೆಯ ಮಾದರಿಗಳಲ್ಲಿ ಪೆಡಲಿಗೂ ತಟ್ಟೆಗೂ ಉಕ್ಕಿನ ತಂತಿಯ ಸಂಬಂಧವಿರುತ್ತಿತ್ತು. ಈಗಿನವುಗಳಲ್ಲಿ ಪೆಡಲಿನ ಸ್ಥಾನವನ್ನು ಸಂವೇದಕವೊಂದು ಅಳೆದು ಎಂಜಿನ್‌ನ ನಿಯಂತ್ರಣ ಘಟಕಕ್ಕೆ ತಿಳಿಸುತ್ತದೆ. ಘಟಕದ ಆಜ್ಞೆಯಂತೆ ಸಣ್ಣ ವಿದ್ಯುತ್ ಮೋಟಾರು ತಟ್ಟೆಯನ್ನು ತಿರುಗಿಸುತ್ತದೆ. ತಟ್ಟೆ ಎಷ್ಟು ತೆರೆದಿದೆ ಎಂಬುದನ್ನು ಇನ್ನೊಂದು ಸಂವೇದಕ ಮರುವರದಿ ಮಾಡುತ್ತದೆ. ಎಂಜಿನ್ ಸುಮ್ಮನೆ ನಿಂತು ಓಡುವಾಗ ಬೇಕಾಗುವ ಅಲ್ಪ ಗಾಳಿಗೆ ತಂತಿಯ ಮಾದರಿಗಳಲ್ಲಿ ಪ್ರತ್ಯೇಕ ಕಿರುದಾರಿ ಇರುತ್ತದೆ.

ಥ್ರಾಟಲ್ ಬಾಡಿಯ ಗಾತ್ರವನ್ನು ಕೊಳವೆಯ ಒಳವ್ಯಾಸದಿಂದ ಹೇಳುತ್ತಾರೆ. ಆದರೆ ಗಾಳಿ ಹರಿಯುವುದು ವಿಸ್ತೀರ್ಣದ ಮೂಲಕ. ವಿಸ್ತೀರ್ಣವು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ 75 ಮಿ.ಮೀ.ನಿಂದ 90 ಮಿ.ಮೀ.ಗೆ ಹೋದಾಗ ವ್ಯಾಸ ಶೇ 20ರಷ್ಟು ಹೆಚ್ಚಿದರೂ ವಿಸ್ತೀರ್ಣ ಶೇ 44ರಷ್ಟು ಹೆಚ್ಚುತ್ತದೆ. ಶಾಲೆಯ ಗಣಿತದ ಈ ಪಾಠವನ್ನು ಮರೆತವರೇ ಅಗತ್ಯಕ್ಕಿಂತ ದೊಡ್ಡದನ್ನು ಕೊಳ್ಳುತ್ತಾರೆ. ದಂಡ ಮತ್ತು ತಟ್ಟೆಯ ದಪ್ಪ ಪೂರ್ತಿ ತೆರೆದಾಗಲೂ ಸ್ವಲ್ಪ ಜಾಗವನ್ನು ನುಂಗುತ್ತವೆ.

ಗಾಳಿಯ ಲೆಕ್ಕ

ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಘನ ಅಳತೆಯಷ್ಟು ಗಾಳಿಯನ್ನು ಸೆಳೆಯಲು ಪ್ರಯತ್ನಿಸುತ್ತದೆ. ಆದರೆ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ. ನಿಜವಾಗಿ ತುಂಬಿದ ಪಾಲನ್ನು ತುಂಬುವಿಕೆಯ ದಕ್ಷತೆ ಎನ್ನಬಹುದು. ಸಾಮಾನ್ಯ ಎಂಜಿನ್‌ಗಳಲ್ಲಿ ಅದು ಗರಿಷ್ಠ ಶಕ್ತಿಯ ವೇಗದಲ್ಲಿ 0.75ರಿಂದ 0.9ರವರೆಗೆ ಇರುತ್ತದೆ. ಲೆಕ್ಕ ಸರಳ: ಲೀಟರುಗಳಲ್ಲಿ ಎಂಜಿನ್‌ನ ಘನ ಅಳತೆಯನ್ನು ನಿಮಿಷದ ಸುತ್ತುಗಳ ಅರ್ಧದಿಂದಲೂ ದಕ್ಷತೆಯಿಂದಲೂ ಗುಣಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಬೇಕೆಂಬುದು ಸಿಗುತ್ತದೆ. ಅಮೆರಿಕದ ಪುಸ್ತಕಗಳಲ್ಲಿ ಇದೇ ಸೂತ್ರ ಘನ ಇಂಚು ಮತ್ತು ಸುತ್ತುಗಳ ಗುಣಲಬ್ಧವನ್ನು 3456ರಿಂದ ಭಾಗಿಸುವ ರೂಪದಲ್ಲಿ ಕಾಣಿಸುತ್ತದೆ. ಉತ್ತರ ನಿಮಿಷಕ್ಕೆ ಇಷ್ಟು ಘನ ಅಡಿ ಎಂದು ಬರುತ್ತದೆ.

ನಿದರ್ಶನಕ್ಕೆ ಷೆವರ್ಲೆಯ 5.7 ಲೀಟರಿನ, ಅಂದರೆ 350 ಘನ ಇಂಚಿನ ಎಂಜಿನ್ ಅನ್ನು ತೆಗೆದುಕೊಳ್ಳಬಹುದು. 1980ರ ದಶಕದ ಕೊನೆಯಿಂದ 1990ರ ದಶಕದ ನಡುವಿನವರೆಗೆ ಅಮೆರಿಕದ ಪಿಕಪ್‌ಗಳಲ್ಲಿ ಈ ಎಂಜಿನ್‌ಗೆ ಎರಡು ಇಂಜೆಕ್ಟರುಗಳನ್ನು ಮೇಲೇ ಹೊತ್ತ ಥ್ರಾಟಲ್ ಬಾಡಿ ಇತ್ತು. ಅದರಲ್ಲಿ ಸುಮಾರು 43 ಮಿ.ಮೀ. ವ್ಯಾಸದ ಎರಡು ರಂಧ್ರಗಳು. ಇದೇ ತಯಾರಕರ 7.4 ಲೀಟರಿನ ಎಂಜಿನ್‌ಗೆ ಸುಮಾರು 51 ಮಿ.ಮೀ.ನ ಎರಡು ರಂಧ್ರಗಳ ಬಾಡಿ ಇತ್ತು. ಎಂಜಿನ್ ಮಾರ್ಪಡಿಸುವವರು ದೊಡ್ಡದನ್ನು ತಂದು ಚಿಕ್ಕದಕ್ಕೆ ಕೂರಿಸುವುದು ರೂಢಿಯಾಯಿತು.

ಬದಲಾಯಿಸದ 5.7 ಲೀಟರ್ ಎಂಜಿನ್ ನಿಮಿಷಕ್ಕೆ 4000 ಸುತ್ತಿನಲ್ಲಿ 0.8 ದಕ್ಷತೆಯಿಂದ 9120 ಲೀಟರ್ ಗಾಳಿಯನ್ನು ಸೆಳೆಯುತ್ತದೆ. ಎರಡು 43 ಮಿ.ಮೀ. ರಂಧ್ರಗಳಲ್ಲಿ ಆ ಗಾಳಿಯ ಸರಾಸರಿ ವೇಗ ಸೆಕೆಂಡಿಗೆ 52 ಮೀಟರ್. ಕ್ಯಾಮ್ ಶಾಫ್ಟ್ ಬದಲಿಸಿ 5000 ಸುತ್ತು, 0.85 ದಕ್ಷತೆಗೆ ಏರಿಸಿದರೆ ಬೇಕಾಗುವ ಗಾಳಿ 12,100 ಲೀಟರಿಗೆ, ಅಂದರೆ ಸುಮಾರು 430 ಘನ ಅಡಿಗೆ ಏರುತ್ತದೆ. ವೇಗ ಸೆಕೆಂಡಿಗೆ 70 ಮೀಟರ್ ಸಮೀಪಿಸುತ್ತದೆ. ಹರಿಯುವ ಗಾಳಿಯ ಒತ್ತಡ ನಷ್ಟವು ವೇಗದ ವರ್ಗಕ್ಕೆ ಅನುಗುಣವಾದುದರಿಂದ ವಿಷಯ ಇಲ್ಲಿ ಗಂಭೀರವಾಗುತ್ತದೆ. ಘನ ಮೀಟರಿಗೆ 1.06 ಕಿಲೋಗ್ರಾಂ ಸಾಂದ್ರತೆಯ ಗಾಳಿಯನ್ನು ಹಿಡಿದರೆ (ಈ ಅಂಕಿಯ ಕಾರಣವನ್ನು ಮುಂದೆ ಹೇಳಲಾಗಿದೆ) ಒತ್ತಡ ನಷ್ಟದ ಪ್ರಮಾಣ ಮೊದಲ ಸ್ಥಿತಿಯಲ್ಲಿ ಸುಮಾರು 1.5 ಕಿಲೋಪ್ಯಾಸ್ಕಲ್, ಎರಡನೆಯದರಲ್ಲಿ 2.6 ಕಿಲೋಪ್ಯಾಸ್ಕಲ್. ಎರಡು 51 ಮಿ.ಮೀ. ರಂಧ್ರಗಳನ್ನು ಹಾಕಿದರೆ ಅದು 1.3ಕ್ಕೆ ಇಳಿಯುತ್ತದೆ. ಉಳಿತಾಯ 1.3 ಕಿಲೋಪ್ಯಾಸ್ಕಲ್, ವಾತಾವರಣದ ಒತ್ತಡದ ಸುಮಾರು ಶೇ 1.4. ಶಕ್ತಿಯ ಹೆಚ್ಚಳವೂ ಸರಿಸುಮಾರು ಅಷ್ಟೇ ಇರುತ್ತದೆ.

ಹಾಗಾದರೆ ಇನ್ನೂ ದೊಡ್ಡದನ್ನು ಹಾಕಬಾರದೇಕೆ? ಅದೇ ಎಂಜಿನ್‌ಗೆ 75 ಮಿ.ಮೀ.ನ ಒಂದೇ ರಂಧ್ರದ ಬಾಡಿಯನ್ನು ಹಾಕಿದರೆ ನಷ್ಟ 1.1 ಕಿಲೋಪ್ಯಾಸ್ಕಲ್, 90 ಮಿ.ಮೀ.ನದನ್ನು ಹಾಕಿದರೆ 0.5. ಅಂದರೆ 75ರಿಂದ 90ಕ್ಕೆ ಹೋದುದರ ಫಲ ಶೇ 0.6ರಷ್ಟು ಮಾತ್ರ. ಅಮೆರಿಕದ ಮಾರುಕಟ್ಟೆಯಲ್ಲಿ 102 ಮಿ.ಮೀ.ನವೂ ಮಾರಾಟವಾಗುತ್ತವೆ. ಅವು ಇನ್ನೂ ದೊಡ್ಡ ಅಳತೆಯ, ಹೆಚ್ಚು ಸುತ್ತುವ ಸ್ಪರ್ಧಾ ಎಂಜಿನ್‌ಗಳಿಗೆ ಸೇರಿದವು. ಭಾರ ಎಳೆಯುವ ವಾಹನಕ್ಕಲ್ಲ.

ಟರ್ಬೋ ಇದ್ದಾಗ ದೊಡ್ಡ ಥ್ರಾಟಲ್ ಬೇಕೇಬೇಕು ಎಂಬ ನಂಬಿಕೆ ವ್ಯಾಪಕವಾಗಿದೆ. ಸಾಮಾನ್ಯವಾಗಿ ಥ್ರಾಟಲ್ ಬಾಡಿ ಟರ್ಬೋದ ನಂತರ ಇರುತ್ತದೆ. ಅಲ್ಲಿಗೆ ಬರುವ ಗಾಳಿ ಆಗಲೇ ಒತ್ತಿ ದಟ್ಟವಾಗಿರುವುದರಿಂದ ತೂಕದಲ್ಲಿ ಹೆಚ್ಚಿದ್ದರೂ ಗಾತ್ರದಲ್ಲಿ ಮೊದಲಿನಷ್ಟೇ ಇರುತ್ತದೆ. ಸುತ್ತು ಮತ್ತು ಘನ ಅಳತೆ ಬದಲಾಗದಿದ್ದರೆ ಗಾಳಿಯ ವೇಗವೂ ಬದಲಾಗದು, ನಷ್ಟದ ಶೇಕಡಾವಾರು ಪಾಲೂ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ.

ಪೆಡಲಿನ ಸ್ಪಂದನೆ

ಗಾತ್ರ ಹೆಚ್ಚಿದಾಗ ಕಳೆದುಕೊಳ್ಳುವುದು ಏನೆಂಬುದು ಅರ್ಧ ತೆರೆದ ಸ್ಥಿತಿಯಲ್ಲಿ ತಿಳಿಯುತ್ತದೆ. ತಟ್ಟೆಯನ್ನು ಮುಚ್ಚಿದ ಸ್ಥಾನದಿಂದ 10 ಡಿಗ್ರಿ ತಿರುಗಿಸಿದಾಗ 75 ಮಿ.ಮೀ. ಬಾಡಿಯಲ್ಲಿ ತೆರೆಯುವ ಕಿಂಡಿ ಸುಮಾರು 67 ಚದರ ಮಿ.ಮೀ.; 90 ಮಿ.ಮೀ.ನದರಲ್ಲಿ 97. ಒಂದೇ ಅಂಗುಲ ಪೆಡಲ್ ಒತ್ತಿದರೂ ಶೇ 44ರಷ್ಟು ಹೆಚ್ಚು ಗಾಳಿಗೆ ದಾರಿಯಾಗುತ್ತದೆ. ಚಾಲಕನಿಗೆ ಎಂಜಿನ್ ಚುರುಕಾಯಿತೆಂಬ ಭಾವನೆ ಬರುವುದು ಇದರಿಂದಲೇ. ನಿಜದಲ್ಲಿ ಗರಿಷ್ಠ ಶಕ್ತಿ ಹೆಚ್ಚಿರುವುದಿಲ್ಲ. ಇದ್ದ ಶಕ್ತಿ ಪೆಡಲಿನ ಮೊದಲ ಭಾಗಕ್ಕೆ ಸರಿದಿರುತ್ತದೆ. ತುಂಬಿದ ಲಾರಿಯನ್ನು ಹೊಲದ ದಾರಿಯಿಂದ ಡಾಂಬರಿಗೆ ಹತ್ತಿಸುವಾಗ, ಸಂತೆಯ ಜನಸಂದಣಿಯಲ್ಲಿ ಅಂಗುಲ ಅಂಗುಲವಾಗಿ ಸಾಗುವಾಗ ಇಂತಹ ಎಂಜಿನ್ ಜಗ್ಗುತ್ತದೆ. ಕ್ಲಚ್ ಬೇಗ ಸವೆಯುತ್ತದೆ.

ಇಂಜೆಕ್ಟರ್ ಥ್ರಾಟಲ್ ಬಾಡಿಯ ಮೇಲೆಯೇ ಇರುವ ಹಳೆಯ ವ್ಯವಸ್ಥೆಯಲ್ಲಿ ಇನ್ನೊಂದು ತೊಡಕಿದೆ. ರಂಧ್ರ ದೊಡ್ಡದಾಗಿ ಗಾಳಿಯ ವೇಗ ಕುಗ್ಗಿದರೆ ಇಂಧನದ ಹನಿಗಳು ಸರಿಯಾಗಿ ಬೆರೆಯದೆ ಮ್ಯಾನಿಫೋಲ್ಡಿನ ಗೋಡೆಗೆ ಅಂಟುತ್ತವೆ. ಮ್ಯಾನಿಫೋಲ್ಡಿನ ಬಾಯಿ ಹಳೆಯ ಅಳತೆಯಲ್ಲೇ ಉಳಿದರೆ ಸೇರುವೆಯಲ್ಲಿ ಮೆಟ್ಟಿಲು ಉಂಟಾಗಿ ದೊಡ್ಡ ಬಾಡಿ ಕೊಟ್ಟ ಲಾಭವನ್ನು ಆ ಮೆಟ್ಟಿಲೇ ತಿಂದುಹಾಕುತ್ತದೆ. ವಿದ್ಯುನ್ಮಾನ ಥ್ರಾಟಲ್ ಇರುವ ವಾಹನಗಳಲ್ಲಿ ನಿಯಂತ್ರಣ ಘಟಕಕ್ಕೆ ಹೊಸ ವ್ಯಾಸವನ್ನು ತಿಳಿಸದಿದ್ದರೆ ಎಂಜಿನ್ ಸುಮ್ಮನೆ ನಿಂತಾಗ ಏರಿಳಿಯುವುದೂ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುವುದೂ ಸಾಮಾನ್ಯ.

ಡೀಸೆಲ್ ಲಾರಿಗಳು

ಸಾಂಪ್ರದಾಯಿಕ ಡೀಸೆಲ್ ಎಂಜಿನ್‌ನಲ್ಲಿ ಥ್ರಾಟಲ್ ಬಾಡಿಯೇ ಇರುವುದಿಲ್ಲ. ಗಾಳಿಯ ಒತ್ತಡದಿಂದ ನಡೆಯುವ ಗವರ್ನರ್ ಇದ್ದ ಕೆಲವು ಹಳೆಯ ಎಂಜಿನ್‌ಗಳಲ್ಲಿ ಒಳಹರಿವಿನ ಬಾಯಲ್ಲಿ ತಟ್ಟೆಯೊಂದಿತ್ತು. ಅದು ಇಂಧನ ಪಂಪಿಗೆ ಸಂಕೇತ ಕೊಡಲು ಇದ್ದುದು.

1 ಏಪ್ರಿಲ್ 2020ರಿಂದ ಭಾರತದಲ್ಲಿ ಬಿಎಸ್-6 ಮಾನದಂಡ ಜಾರಿಗೆ ಬಂದ ಮೇಲೆ ಡೀಸೆಲ್ ವಾಹನಗಳಲ್ಲಿಯೂ ಒಳಹರಿವಿನ ಥ್ರಾಟಲ್ ಕವಾಟ ಕಾಣಿಸಿಕೊಂಡಿದೆ. ಇದರ ಕೆಲಸ ಶಕ್ತಿ ನಿಯಂತ್ರಣವಲ್ಲ. ನಿಷ್ಕಾಸ ಅನಿಲದ ಒಂದು ಪಾಲನ್ನು ಮರಳಿ ಒಳಗೆ ಸೆಳೆಯಲು ಬೇಕಾದ ಒತ್ತಡದ ವ್ಯತ್ಯಾಸವನ್ನು ಉಂಟುಮಾಡುವುದು, ಮಸಿ ಶೋಧಕವನ್ನು ಸುಟ್ಟು ಶುದ್ಧಗೊಳಿಸುವಾಗ ನಿಷ್ಕಾಸದ ಉಷ್ಣತೆಯನ್ನು ಏರಿಸುವುದು, ಎಂಜಿನ್ ನಿಲ್ಲಿಸುವಾಗ ನಡುಕವನ್ನು ಕಡಿಮೆ ಮಾಡುವುದು ಇದರ ಉದ್ದೇಶ. ಪೂರ್ಣ ಭಾರದಲ್ಲಿ ಇದು ಹೇಗೂ ಪೂರ್ತಿ ತೆರೆದೇ ಇರುತ್ತದೆ. ಆದುದರಿಂದ ಇದನ್ನು ದೊಡ್ಡದು ಮಾಡುವುದರಲ್ಲಿ ಅರ್ಥವಿಲ್ಲ. ಆದರೆ ಮರಳಿ ಬರುವ ಅನಿಲದ ಮಸಿ ತಟ್ಟೆಯ ಅಂಚಿಗೆ ಕಟ್ಟಿಕೊಂಡು ಅದು ಅರ್ಧದಲ್ಲಿ ಸಿಕ್ಕಿಕೊಂಡರೆ ಲಾರಿ ಎಳೆತ ಕಳೆದುಕೊಂಡು ಕಪ್ಪು ಹೊಗೆ ಉಗುಳುತ್ತದೆ. ಇದಕ್ಕೆ ಪರಿಹಾರ ಶುಚಿಗೊಳಿಸುವುದು, ಬದಲಿಸುವುದಲ್ಲ.

ಹಳೆಯ ಲಾರಿಗಳಲ್ಲಿ ಶಕ್ತಿ ಹೆಚ್ಚಿಸಲು ಇಂಧನ ಪಂಪಿನ ಅಳತೆಯನ್ನು ಏರಿಸುವ ಪದ್ಧತಿಯಿದೆ. ಗಾಳಿ ಅಷ್ಟೇ ಇದ್ದು ಡೀಸೆಲ್ ಮಾತ್ರ ಹೆಚ್ಚಿದರೆ ಸುಡದೆ ಉಳಿದ ಇಂಧನ ಕಪ್ಪು ಹೊಗೆಯಾಗಿ ಹೋಗುತ್ತದೆ, ನಿಷ್ಕಾಸದ ಉಷ್ಣತೆ ಏರುತ್ತದೆ, ಪಿಸ್ಟನ್ನಿನ ತಲೆ ಮತ್ತು ಟರ್ಬೋ ಹಾಳಾಗುತ್ತವೆ. ಒಂದೇ ಲಾರಿಯ ದುಡಿಮೆಯ ಮೇಲೆ ಮನೆ ನಡೆಸುವವರಿಗೆ ಹಂಗಾಮಿನ ನಡುವೆ ಎಂಜಿನ್ ಬಿಚ್ಚುವುದೆಂದರೆ ಆ ವರ್ಷದ ಸಾಲದ ಕಂತು ತಪ್ಪಿದಂತೆಯೇ.

ಸಿಎನ್‌ಜಿ ಮತ್ತು ಸಣ್ಣ ಸರಕು ವಾಹನಗಳು

ಭಾರತದಲ್ಲಿ ಥ್ರಾಟಲ್ ಬಾಡಿಯ ಗಾತ್ರ ನಿಜವಾಗಿ ಅನ್ವಯವಾಗುವುದು ಸಿಎನ್‌ಜಿ ಲಾರಿಗಳಿಗೆ ಮತ್ತು ಪೆಟ್ರೋಲಿನ ಸಣ್ಣ ಸರಕು ವಾಹನಗಳಿಗೆ. ಸಿಎನ್‌ಜಿ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇರುವುದರಿಂದ ಥ್ರಾಟಲ್ ಅನಿವಾರ್ಯ. ಮೀಥೇನ್ ಪೂರ್ತಿ ಉರಿಯಲು ಬೇಕಾದ ಮಿಶ್ರಣದಲ್ಲಿ ಅನಿಲದ್ದೇ ಶೇ 9.5ರಷ್ಟು ಪಾಲು. ಅನಿಲವನ್ನು ಥ್ರಾಟಲಿಗಿಂತ ಮೊದಲೇ ಬೆರೆಸುವ ವ್ಯವಸ್ಥೆಯಲ್ಲಿ ಆ ಪಾಲೂ ಥ್ರಾಟಲಿನ ಮೂಲಕವೇ ಹಾದುಹೋಗುತ್ತದೆ. ಪ್ರತಿ ಸಿಲಿಂಡರಿನ ಬಳಿ ಅನಿಲ ಚುಚ್ಚುವ ವ್ಯವಸ್ಥೆಯಲ್ಲಿ ಥ್ರಾಟಲಿಗೆ ಅಷ್ಟು ಹೊರೆ ಕಡಿಮೆ. ಸಿಎನ್‌ಜಿಗೆ ಬದಲಾದ ವಾಹನ ಮೊದಲಿನಷ್ಟು ಎಳೆಯದಿರುವುದಕ್ಕೆ ಒಂದು ಮುಖ್ಯ ಕಾರಣ ಸಿಲಿಂಡರಿನಲ್ಲಿ ಅನಿಲ ಆಕ್ರಮಿಸುವ ಈ ಜಾಗವೇ. ಥ್ರಾಟಲನ್ನು ಹಿಗ್ಗಿಸಿದರೆ ಆ ಜಾಗ ಮರಳಿ ದೊರೆಯುವುದಿಲ್ಲ.

ಸುಮಾರು 700 ಸಿಸಿಯ ಎರಡು ಸಿಲಿಂಡರಿನ ಸರಕು ವಾಹನ 4000 ಸುತ್ತಿನಲ್ಲಿ 0.85 ದಕ್ಷತೆಯಿಂದ ನಿಮಿಷಕ್ಕೆ 1190 ಲೀಟರ್ ಗಾಳಿ ಸೆಳೆಯುತ್ತದೆ. 32 ಮಿ.ಮೀ.ನ ಕೊಳವೆಯಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 25 ಮೀಟರ್ ಕೂಡ ಆಗದು. ಎರಡೇ ಸಿಲಿಂಡರ್ ಇರುವುದರಿಂದ ಹರಿವು ಬಿಟ್ಟುಬಿಟ್ಟು ಬಂದು ಕ್ಷಣಿಕ ವೇಗ ಇದಕ್ಕಿಂತ ಹೆಚ್ಚಿರುತ್ತದೆ ಎಂಬುದನ್ನು ಗಮನದಲ್ಲಿಟ್ಟರೂ ಹಿಗ್ಗಿಸುವ ಅಗತ್ಯ ಕಾಣುವುದಿಲ್ಲ.

ವಿಜಯಪುರ ಜಿಲ್ಲೆಯ ಪರಿಸ್ಥಿತಿ

ಇಂಡಿಯ ಲಿಂಬೆ, ಭೀಮಾ ತೀರದ ಕಬ್ಬು, ಸಿಂದಗಿಯ ತೊಗರಿ ಮತ್ತು ಜೋಳ, ಜಿಲ್ಲೆಯ ದ್ರಾಕ್ಷಿ ಮತ್ತು ಒಣದ್ರಾಕ್ಷಿ ಎಲ್ಲವೂ ಲಾರಿಗಳ ಮೇಲೆಯೇ ಊರು ಬಿಡಬೇಕು. ಸೊಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 52 ಮತ್ತು ಕಲಬುರಗಿಯಿಂದ ಸಿಂದಗಿಯ ಮೇಲೆ ವಿಜಯಪುರಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 50 ಇಲ್ಲಿಯ ಮುಖ್ಯ ದಾರಿಗಳು. ಘಟ್ಟಗಳಿಲ್ಲ, ಆದರೆ ಎಂಜಿನ್‌ನ ಉಸಿರಾಟದ ಮೇಲೆ ಪರಿಣಾಮ ಬೀರುವ ಮೂರು ಸಂಗತಿಗಳಿವೆ.

ಮೊದಲನೆಯದು ಎತ್ತರ. ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿರುವ ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್, ಸುತ್ತಲಿನ ನೆಲವೂ ಹೆಚ್ಚುಕಡಿಮೆ ಇದೇ ಎತ್ತರದ ಆಸುಪಾಸಿನಲ್ಲಿದೆ. 500 ಮೀಟರ್ ಎತ್ತರದಲ್ಲಿ ವಾತಾವರಣದ ಒತ್ತಡ 101 ಕಿಲೋಪ್ಯಾಸ್ಕಲ್‌ನ ಬದಲು ಸುಮಾರು 95 ಇರುತ್ತದೆ. ಎರಡನೆಯದು ಬಿಸಿಲು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಎರಡೂ ಸೇರಿ ಗಾಳಿಯ ಸಾಂದ್ರತೆಯನ್ನು ಘನ ಮೀಟರಿಗೆ 1.225 ಕಿಲೋಗ್ರಾಂನಿಂದ 1.06ಕ್ಕೆ ಇಳಿಸುತ್ತವೆ. ಟರ್ಬೋ ಇಲ್ಲದ ಎಂಜಿನ್ ಇದರಿಂದ ಶೇ 13ರಷ್ಟು ಗಾಳಿಯನ್ನು ಕಳೆದುಕೊಳ್ಳುತ್ತದೆ. ಈ ನಷ್ಟವನ್ನು ಯಾವ ವ್ಯಾಸದ ಥ್ರಾಟಲ್ ಬಾಡಿಯೂ ತುಂಬಿಕೊಡಲಾರದು. ಏಕೆಂದರೆ ಕಡಿಮೆಯಾಗಿರುವುದು ದಾರಿಯ ಅಗಲವಲ್ಲ, ಗಾಳಿಯ ದಟ್ಟಣೆ. ಎಂಜಿನ್‌ನ ಮನೆಯೊಳಗಿನ ಬಿಸಿ ಗಾಳಿಯ ಬದಲು ಹೊರಗಿನ ಗಾಳಿಯನ್ನು ಸೆಳೆಯುವಂತೆ ಶೋಧಕದ ಬಾಯಿಯನ್ನು ಇರಿಸಿದರೆ ಥ್ರಾಟಲ್ ಬದಲಾವಣೆಗಿಂತ ಹೆಚ್ಚಿನ ಲಾಭ ಸಿಗುತ್ತದೆ: ಒಳಬರುವ ಗಾಳಿ 10 ಡಿಗ್ರಿ ತಂಪಾದರೆ ಸಾಂದ್ರತೆ ಸುಮಾರು ಶೇ 3ರಷ್ಟು ಏರುತ್ತದೆ.

ಮೂರನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ಧೂಳು. ಎರೆ ಮಣ್ಣು ಒಣಗಿ ಬಿರಿದ ಮೇಲೆ ಗಾಡಿದಾರಿಗಳಲ್ಲಿ ಹಿಟ್ಟಿನಂತಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಒಂದರ ಹಿಂದೊಂದು ವಾಹನ ಹೋಗುವಾಗ ಹಿಂದಿನ ಲಾರಿ ಸೆಳೆಯುವುದು ಮುಂದಿನದರ ಧೂಳನ್ನೇ. ಭಾರೀ ವಾಹನಗಳ ಗಾಳಿ ಶೋಧಕವನ್ನು ಬದಲಿಸಬೇಕೆಂದು ಸೂಚಿಸುವ ಮಾಪಕವು ಸಾಮಾನ್ಯವಾಗಿ 6 ಕಿಲೋಪ್ಯಾಸ್ಕಲ್ ಆಸುಪಾಸಿನಲ್ಲಿ ಕೆಂಪು ತೋರಿಸುತ್ತದೆ. ಮೇಲಿನ ಲೆಕ್ಕದಲ್ಲಿ 75 ಮಿ.ಮೀ.ನಿಂದ 90ಕ್ಕೆ ಹೋದಾಗ ಉಳಿದದ್ದು 0.6 ಕಿಲೋಪ್ಯಾಸ್ಕಲ್. ಅಂದರೆ ಕಟ್ಟಿಕೊಂಡ ಶೋಧಕವೊಂದು ದೊಡ್ಡ ಥ್ರಾಟಲ್ ಬಾಡಿಯ ಲಾಭದ ಹತ್ತುಪಟ್ಟನ್ನು ತಡೆದು ನಿಲ್ಲಿಸಬಲ್ಲದು. ಶೋಧಕವನ್ನು ತೆಗೆದುಹಾಕುವುದು ಇದಕ್ಕೆ ಉತ್ತರವಲ್ಲ. ಧೂಳು ಸಿಲಿಂಡರಿನ ಗೋಡೆಯನ್ನೂ ರಿಂಗುಗಳನ್ನೂ ಉಜ್ಜಿ ಸವೆಸುತ್ತದೆ. ಗಾಳಿ ಊದಿ ಶುಚಿಮಾಡುವಾಗ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ ಊದಬೇಕು. ಕಾಗದ ಹರಿದ ಶೋಧಕ ಇದ್ದೂ ಇಲ್ಲದಂತೆ.

ಅಳೆದು ನೋಡುವ ಕ್ರಮ

ಥ್ರಾಟಲ್ ಬಾಡಿ ಚಿಕ್ಕದಾಗಿದೆಯೇ ಎಂಬುದನ್ನು ಊಹಿಸಬೇಕಾಗಿಲ್ಲ. ಮ್ಯಾನಿಫೋಲ್ಡಿನ ಒತ್ತಡವನ್ನು ತೋರಿಸುವ ಸಂವೇದಕ ಅಥವಾ ನಿರ್ವಾತ ಮಾಪಕದಿಂದ ಇದನ್ನು ಅಳೆಯಬಹುದು. ಎಂಜಿನ್ ಆರಂಭಿಸುವ ಮೊದಲು ತೋರುವ ಒತ್ತಡವನ್ನು ಬರೆದುಕೊಂಡು, ಡೈನೋ ಯಂತ್ರದ ಮೇಲೆ ಪೂರ್ಣ ಥ್ರಾಟಲಿನಲ್ಲಿ ಗರಿಷ್ಠ ಶಕ್ತಿಯ ಸುತ್ತಿಗೆ ಏರಿಸಿ ಮತ್ತೆ ಓದಬೇಕು. ಟರ್ಬೋ ಇಲ್ಲದ ಎಂಜಿನ್‌ನಲ್ಲಿ ಎರಡರ ವ್ಯತ್ಯಾಸವೇ ಒಟ್ಟು ಅಡೆತಡೆ. ಅನಂತರ ಶೋಧಕಕ್ಕೂ ಥ್ರಾಟಲಿಗೂ ನಡುವಿನ ಕೊಳವೆಯಲ್ಲಿ ಇನ್ನೊಂದು ಮಾಪಕವಿಟ್ಟು ಅದರಲ್ಲಿ ಶೋಧಕದ ಪಾಲೆಷ್ಟು, ಥ್ರಾಟಲಿನ ಪಾಲೆಷ್ಟು ಎಂಬುದನ್ನು ಬೇರ್ಪಡಿಸಬೇಕು. ಥ್ರಾಟಲಿನ ಪಾಲು 1.5 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆಯಿದ್ದರೆ ಭಾರ ಎಳೆಯುವ ವಾಹನಕ್ಕೆ ಅದು ಸಾಕು. 3 ದಾಟಿದ್ದರೆ ಒಂದು ಅಳತೆ ಮೇಲಿನದನ್ನು ಯೋಚಿಸಬಹುದು. ನಡುವೆ ಇದ್ದರೆ ಲಾರಿ ಗರಿಷ್ಠ ಸುತ್ತಿನಲ್ಲಿ ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂಬುದನ್ನು ನೋಡಿ ನಿರ್ಧರಿಸಬೇಕು. ಬಹಳಷ್ಟು ಲಾರಿಗಳು ಆ ಸುತ್ತನ್ನು ಮುಟ್ಟುವುದೇ ಅಪರೂಪ.

ಕಾನೂನು

ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಜನವರಿ 2019ರಲ್ಲಿ ಸುಪ್ರೀಂ ಕೋರ್ಟ್ ಈ ಕಲಮಿನ ಕಟ್ಟುನಿಟ್ಟಿನ ಅರ್ಥವನ್ನು ಎತ್ತಿಹಿಡಿಯಿತು. 2019ರ ತಿದ್ದುಪಡಿಯಿಂದ ಬದಲಾದ 182ಎ ಕಲಂ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ವಾಹನದ ಮಾಲೀಕನಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಅನುಮೋದಿತ ಸಿಎನ್‌ಜಿ ಉಪಕರಣವನ್ನು ಜೋಡಿಸಿದಾಗ ಅದನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ನೋಂದಣಿ ಪತ್ರಕ್ಕೆ ಸೇರಿಸಿಕೊಳ್ಳಬೇಕು; ವಿಜಯಪುರ ಕಚೇರಿಯ ಸಂಕೇತ ಕೆಎ-28. ಎಂಜಿನ್‌ನ ಘನ ಅಳತೆ ಅಥವಾ ಇಂಧನದ ಬಗೆ ಬದಲಾಗದೆ ಥ್ರಾಟಲ್ ಬಾಡಿಯೊಂದೇ ಬದಲಾದರೂ ಹೊಗೆಯ ಪ್ರಮಾಣ ಮಿತಿಯೊಳಗೆ ಇರಬೇಕು. ಮಾಲಿನ್ಯ ತಪಾಸಣೆಯಲ್ಲಿ ಸೋತ ವಾಹನಕ್ಕೆ ಪ್ರಮಾಣಪತ್ರ ಸಿಗುವುದಿಲ್ಲ.